ನಲವತ್ತೊಂದು ಸವತಿಯರು

ವಾಸಂತಿಗೆ ನಲವತ್ತೊಂದು ಜನ ಸವತಿಯರು. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಅದೂ ಹೊಸದಾಗಿ ಪರಿಚಯವಾದವರ ಮುಂದೆ. ಕೇಳಿದವರ ಮುಖ ಹುಳ್ಳಗಾಗುವುದನ್ನು ಸಾವಕಾಶವಾಗಿ ನೋಡಿ ಖುಷಿಪಟ್ಟ ಮೇಲೆ, "ಎಲ್ಲಾ ಕಬ್ಬಿಣದವರು ಕಣ್ರೀ, ಮಂಚದ ಕೆಳಗೆ ಟ್ರಂಕಲ್ಲಿ ಮಲಗಿರ್ತಾರೆ. ಊಟ ತಿಂಡಿ ಕೇಳಲ್ಲ, ಎಣ್ಣೆ ಮಾತ್ರ ಕೇಳ್ತಾರೆ" ಎಂದು ಬಿಡಿಸಿ ಹೇಳುವಳು. ನಗುತ್ತಲೇ ಹೇಳಿದರೂ ಮಾತಿನಲ್ಲಿ ಒಂದಿಷ್ಟು ಖಾರ ಇದ್ದೇ ಇರುತ್ತಿತ್ತು. ಕಬ್ಬಿಣದವಳಾದರೇನು, ಸವತಿ ಸವತಿಯೇ ತಾನೆ?

ಟ್ರಂಕಿನಲ್ಲಿದ್ದದ್ದು ಚಾಕು, ಚೂರಿ, ಕತ್ತಿ, ಮಚ್ಚು. ಅವಳ ಗಂಡ ನಂಜುಂಡ ಒಂದೊಂದಾಗಿ ಕೂಡಿಸಿಟ್ಟವು. ನಂಜನಗೂಡಿನ ಕಡೆಯ ಈ ಮನುಷ್ಯ ಚಿಕ್ಕ ವಯಸ್ಸಿಗೇ ರೈಲ್ವೆ ಸೇರಿ ಮದರಾಸಿಗೆ ಬಂದವನು. ಮೂವತ್ತು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು, ತೊಂಬತ್ತೊಂಬತ್ತರಲ್ಲಿ ರಿಟೈರಾಗಿ, ಮಾಧವರಂನಲ್ಲಿ ಹಾಲಿನ ಡೈರಿಯ ಆಚೆ ಕಟ್ಟಿಸಿಕೊಂಡಿದ್ದ ಪುಟ್ಟ ಮನೆಯಲ್ಲಿ ನೆಲೆನಿಂತ. ಗೂಡ್ಸ್ ಗಾಡಿಯ ಹಣೆಬರಹ ಗೊತ್ತಲ್ಲ? ಹಿಂದಿನಿಂದ ಮೇಲ್ ಬಂದರೂ ದಾರಿ ಬಿಡಬೇಕು, ಎದುರಿನಿಂದ ಪ್ಯಾಸೆಂಜರ್ ಬಂದರೂ ದಾರಿ ಬಿಡಬೇಕು. ಜೋಲಾರ್‌ಪೇಟೆಯಲ್ಲಿ ಮೂರು ಗಂಟೆ, ಅರಕ್ಕೋಣಂನಲ್ಲಿ ನಾಲ್ಕು ಗಂಟೆ, ಗೂಡೂರಿನಲ್ಲಿ ದೇವರು ಕೊಟ್ಟಷ್ಟು ಹೊತ್ತು. ಬೇರೆ ಗಾರ್ಡುಗಳು ನಿದ್ದೆ ಹೊಡೆದರು, ಇಸ್ಪೀಟು ಆಡಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ನಂಜುಂಡ ಎಂಜಿನ್ನಿನ ಸೀಟಿ ಕೇಳಿಸುವಷ್ಟು ದೂರದೊಳಗೆ ಕುಲುಮೆ ಎಲ್ಲಿದೆ ಎಂದು ಹುಡುಕಿಕೊಂಡು ಹೋದ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟೆ ಕೆಂಪಗೆ ಕಾದು, ಏಟು ತಿಂದು, ನೀರಿಗೆ ಬಿದ್ದು, ಚುಯ್ ಅಂದು ಚಾಕುವಾಗಿ ಏಳುವುದನ್ನು ಕುಕ್ಕರುಗಾಲಲ್ಲಿ ಕೂತು ನೋಡಿದ. ಅವತ್ತು ಹಿಡಿದ ಹುಚ್ಚು ಮತ್ತೆ ಬಿಡಲಿಲ್ಲ.

ಹಾಗಂತ ಹೊಸ ಚಾಕು ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಯಾರದೋ ಕೈಯಲ್ಲಿ ಸವೆದದ್ದು, ಹಿಡಿಯ ಮೇಲೆ ಬೆರಳಿನ ಗುರುತು ಬಿದ್ದದ್ದು ಕಂಡರೆ ಪ್ರಾಣ. ಕೊಳ್ಳುವಾಗ ತಪ್ಪದೆ ಒಂದು ಮಾತು ಕೇಳುವನು: "ಯಾಕಪ್ಪಾ ಇದನ್ನ ಕೊಡ್ತಿದೀಯ?" ಅವರು ಹೇಳಿದ್ದನ್ನು ಊರು, ವರ್ಷದ ಜೊತೆ ರಟ್ಟಿನ ಚೀಟಿಯಲ್ಲಿ ಬರೆದು, ವ್ಯಾಗನ್ನಿಗೆ ಲೇಬಲ್ ಕಟ್ಟಿದ ಹಾಗೆ ಚಾಕುವಿಗೆ ದಾರದಲ್ಲಿ ಕಟ್ಟುವನು. ರೇಣಿಗುಂಟದ ಕ್ಷೌರಿಕನ ಕತ್ತಿ: ಕಣ್ಣು ಮಂಜಾಯಿತು. ಗುಡಿಯಾತ್ತಂನ ಕಳ್ಳು ಇಳಿಸುವವನ ಬಾಗುಕತ್ತಿ: ಆತ ಮರದಿಂದ ಬಿದ್ದ, ಹೆಂಡತಿಗೆ ಅದನ್ನು ಕಣ್ಣೆತ್ತಿ ನೋಡಲಾಗದು. ವಿಲ್ಲಿವಾಕ್ಕಂನ ಗೂರ್ಖಾನ ಕುಕ್ರಿ: ಮಗಳ ಮದುವೆಯಾಯಿತು, ಊರಿಗೆ ಹೋಗುತ್ತೇನೆ, ಇನ್ನು ಯಾರ ಬಾಗಿಲನ್ನೂ ಕಾಯುವುದಿಲ್ಲ. ಅರಕ್ಕೋಣಂನ ಕುರಿ ಕಡಿಯುವವನ ಚೂರಿ: ಅಯ್ಯಪ್ಪನ ಮಾಲೆ ತೆಗೆದ ಮೇಲೂ ಆ ಕೆಲಸಕ್ಕೆ ಕೈ ಬರಲಿಲ್ಲ. ಹೀಗೆ ನಲವತ್ತೊಂದು.

"ಕತ್ತೀನ ಯಾರೂ ಸುಮ್ಮನೆ ಬಿಟ್ಟುಕೊಡಲ್ಲ ಕಣೆ" ಎನ್ನುವನು ಹೆಂಡತಿಗೆ. "ಕೈಗೆ ಏನೋ ಆಗಿರುತ್ತೆ, ಇಲ್ಲಾ ಮನಸ್ಸಿಗೆ ಏನೋ ಆಗಿರುತ್ತೆ."

"ನಿಮಗೆ ಮಾತ್ರ ತಲೆಗೆ ಏನೋ ಆಗಿದೆ" ಎನ್ನುವಳು ವಾಸಂತಿ.

ಅವಳು ಸಿಡುಕುವುದಕ್ಕೆ ಕಾರಣವಿತ್ತು. ಅಷ್ಟೂ ಚಾಕುಗಳಲ್ಲಿ ಒಂದು ನಿಂಬೆಹಣ್ಣು ಕೊಯ್ಯುವ ಅಧಿಕಾರವೂ ಅವಳಿಗಿರಲಿಲ್ಲ. ನಲವತ್ತೊಂದು ಚಾಕು ಇರುವ ಮನೆಯಲ್ಲಿ ಬೆಂಡೆಕಾಯಿ ಹೆಚ್ಚಲು ಅವಳ ಪಾಲಿಗೆ ಬಂದದ್ದು ಪೆರಂಬೂರಿನ ಬಸ್ ಸ್ಟಾಪಿನಲ್ಲಿ ಕೊಂಡ ಪ್ಲಾಸ್ಟಿಕ್ ಹಿಡಿಯ ಚಾಕು. ಟ್ರಂಕಿನವು ವರ್ಷವಿಡೀ ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದು, ಮಹಾನವಮಿಯ ದಿನ ಮಾತ್ರ ಮದುವಣಗಿತ್ತಿಯರ ಹಾಗೆ ಹೊರಗೆ ಬರುವವು. ಆಯುಧಪೂಜೆ ಅಲ್ಲವೇ! ಬೆಳಗಿನಿಂದ ನಂಜುಂಡ ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಒಂದೊಂದಕ್ಕೂ ಸಾಣೆ ಹಿಡಿದು, ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಡ್ಡ ಸವರಿ ಹರಿತ ನೋಡಿ, ಸಾಲಾಗಿ ಜೋಡಿಸುವನು. ಆಮೇಲೆ ಕುಂಕುಮ, ಹೂವು, ಮಂಗಳಾರತಿ. ಸಂಜೆ ಬೊಂಬೆ ನೋಡಲು ಬಂದ ಅಕ್ಕಪಕ್ಕದ ಮಾಮಿಯರು ಮೆಟ್ಟಿಲ ಮೇಲಿನ ಬೊಂಬೆಗಳಿಗೆ ಕೈಮುಗಿದು, ಕೆಳಗೆ ಸಾಲಾಗಿಟ್ಟ ಚಾಕುಗಳ ಕಡೆ ಕಣ್ಣು ಹೋದೊಡನೆ ಕಡಲೆ ಉಸಲಿಯ ಸುಂಡಲ್ ಪೊಟ್ಟಣ ಹಿಡಿದು ಹಿಂದಹಿಂದಕ್ಕೇ ಬಾಗಿಲ ಕಡೆ ನಡೆಯುವುದು ಪ್ರತಿವರ್ಷದ ತಮಾಷೆ.

ಎರಡು ಸಾವಿರದ ಒಂದರ ನವರಾತ್ರಿಯಲ್ಲಿ ಆ ತಮಾಷೆ ನಡೆಯಲಿಲ್ಲ. ಮಹಾನವಮಿಯ ಬೆಳಗ್ಗೆ ವಾಸಂತಿ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಅಡುಗೆಮನೆಯಿಂದ ಬಂದಳು. ನಂಜುಂಡ ತಲೆ ಬಗ್ಗಿಸಿ ಕೊನೆಯ ಚಾಕುವಿನ ಅಲಗು ಸವರುತ್ತಿದ್ದ. ಹಾಸಿದ್ದ ಪೇಪರಿನ ಮೇಲೆ, ಸಾಲಾಗಿಟ್ಟ ಚಾಕುಗಳ ಮೇಲೆ, ಅವನ ಬಿಳೀ ಪಂಚೆಯ ಮೇಲೆ ಕೆಂಪೋ ಕೆಂಪು.

"ಏನ್ರೀ ಇದು! ಕುಂಕುಮ ಎಲ್ಲಾ ಚೆಲ್ಲಾಡಿದೀರಲ್ಲಾ! ಹಬ್ಬದ ದಿನ ಕುಂಕುಮ ಚೆಲ್ಲಬಾರದು ಅಂತ ಅಷ್ಟೂ ಗೊತ್ತಾಗಲ್ವಾ? ಹೊಸ ಪಂಚೆ ಬೇರೆ. ಇದನ್ನ ಒಗೆಯೋರು ಯಾರು, ನಿಮ್ಮ ಈ ಸವತಿಯರು ಒಗೀತಾರಾ?"

"ನಾನೆಲ್ಲೇ ಚೆಲ್ಲಿದೆ? ಕುಂಕುಮದ ಬಟ್ಟಲು ಇನ್ನೂ ದೇವರ ಮನೇಲೇ ಇದೆ. ನೀನು ತರಲಿ ಅಂತ ಕಾಯ್ತಿದೀನಿ" ಎಂದ ಅವನು ತಲೆ ಎತ್ತದೆ.

ಆಮೇಲೆ ಇಬ್ಬರೂ ಒಟ್ಟಿಗೇ ನೋಡಿದರು. ಅವನ ಹೆಬ್ಬೆರಳು ಉದ್ದಕ್ಕೂ ಸೀಳಿಹೋಗಿತ್ತು. ರಕ್ತ ತೊಟತೊಟನೆ ಬೀಳುತ್ತಿತ್ತು. ನಂಜುಂಡ ಅದನ್ನು ಎತ್ತಿ ಹಿಡಿದು, ಬೇರೆ ಯಾರದೋ ಬೆರಳು ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ.

"ಅಯ್ಯೋ ನನ್ನಪ್ಪ! ನೋವಾಗಲಿಲ್ವೇನ್ರೀ?"

"ಇಲ್ವಲ್ಲೇ" ಎಂದ ಅವನು. ಅವನಿಗೇ ಆಶ್ಚರ್ಯ.

ಮಗಳು ಮೌನ ಓಡಿಹೋಗಿ ಆಟೋ ತಂದಳು. ಹೆಸರಿಗೆ ಮೌನ, ಬಾಯಿ ಬಿಟ್ಟರೆ ಸಂತೆ. ಅವತ್ತು ಮಾತ್ರ ಆಸ್ಪತ್ರೆಯ ತನಕ ಅಪ್ಪನ ಬೆರಳನ್ನು ತನ್ನ ದುಪ್ಪಟ್ಟಾದಲ್ಲಿ ಒತ್ತಿ ಹಿಡಿದಿದ್ದಳು. ಎಂಟು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ಡಾಕ್ಟರಮ್ಮ ಇನ್ನೂ ಚಿಕ್ಕವಳು, ಮುಖದಲ್ಲಿ ನಗು, ಕೈಯಲ್ಲಿ ಗುಂಡುಸೂಜಿ. ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ, ಒಂದೊಂದೇ ಬೆರಳ ತುದಿಗೆ ಸೂಜಿ ತಾಗಿಸಿ, ಈಗ ಯಾವ ಬೆರಳು ಎಂದು ತಮಿಳಿನಲ್ಲಿ ಕೇಳಿದಳು. ನಂಜುಂಡ ಪಾಠ ಓದದೆ ಬಂದ ಹುಡುಗನ ಹಾಗೆ ತಡವರಿಸಿದ. ತೋರುಬೆರಳಿಗೆ ಮಧ್ಯದ್ದು ಎಂದ. ಉಂಗುರದ ಬೆರಳಿಗೆ ಸುಮ್ಮನಿದ್ದ. ಡಾಕ್ಟರಮ್ಮ ಸೂಜಿಯನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತ ಮೇಲೂ, "ಕಿರುಬೆರಳು" ಎಂದು ಧೈರ್ಯವಾಗಿ ಹೇಳಿದ. ಪಕ್ಕದಲ್ಲಿ ಕೂತಿದ್ದ ವಾಸಂತಿ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಗಂಡ ಇಷ್ಟು ಒಂಟಿಯಾಗಿ ಕಂಡದ್ದು ಅದೇ ಮೊದಲು.

ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಅದು ಮೊದಲು ಪಾದದ ನರ ತಿನ್ನುತ್ತದಂತೆ, ಆಮೇಲೆ ಬೆರಳಿನದು. ಹೋದ ವರ್ಷ ಪೆರಂಬೂರು ಮಾರ್ಕೆಟ್ಟಿನಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದಿದ್ದ; ಇನ್ನೊಂದು ಬಿಟ್ಟುಹೋದದ್ದೇ ತಿಳಿದಿರಲಿಲ್ಲ. ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಈಗ ಡಾಕ್ಟರಮ್ಮನ ಮುಂದೆ ಅವನು ಬಾಯಿಬಿಟ್ಟ. ವರ್ಷದಿಂದ ಬೆರಳಿಗೆ ಹರಿತ ತಿಳಿಯುತ್ತಿರಲಿಲ್ಲ. ಕಲ್ಲಿನ ಮೇಲೆ ಅಲಗು ಮಾಡುವ ಸದ್ದು ಕೇಳಿಯೇ ಅಂದಾಜು ಮಾಡುತ್ತಿದ್ದ. ಹೆಬ್ಬೆರಳು ಮಾತ್ರ ಅಭ್ಯಾಸಬಲದಿಂದ ತಾನಾಗಿಯೇ ಅಲಗಿನ ಮೇಲೆ ಹೋಗುತ್ತಿತ್ತು. ಕೇಳಿ ಡಾಕ್ಟರಮ್ಮನ ನಗು ಹೋಯಿತು. ಈ ಸಲ ಹಬ್ಬದ ದಿನ, ಹೆಂಡತಿ ನೋಡಿದರು. ಯಾರೂ ಇಲ್ಲದಾಗ ಹೀಗೆ ಕೊಯ್ದುಕೊಂಡು, ಅದು ಕೀವಾಗಿ, ಬೆರಳು ತೆಗೆಯಬೇಕಾದೀತು. ಚೂಪಾದದ್ದು ಯಾವುದೂ ಈ ಕೈಗೆ ಸಿಗಬಾರದು ಎಂದಳು.

ಮನೆಗೆ ಬಂದವಳೇ ವಾಸಂತಿ ಅವನ ಗಾಯವಾಗದ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನನ್ನ ಮೇಲೆ ಆಣೆ ಮಾಡಿ. ಇನ್ನು ಸಾಣೆಕಲ್ಲು ಮುಟ್ಟಲ್ಲ, ಸಂಕ್ರಾಂತಿಯೊಳಗೆ ಟ್ರಂಕು ಖಾಲಿ ಅನ್ನಿ."

"ಸಂಕ್ರಾಂತಿ ತೀರಾ ಹತ್ರ ಆಯ್ತಲ್ಲೇ. ಯುಗಾದಿ ಅಂತ ಇಟ್ಕೊಂಡ್ರೆ..."

"ಬೆರಳೇನು ಸೊಪ್ಪಿನ ಕಟ್ಟಾ, ಚೌಕಾಸಿ ಮಾಡೋಕೆ? ಹೂಂ ಅಂತೀರೋ ಇಲ್ವೋ?"

ಅವನು ಹೂಂ ಎಂದ. ಅವಳು ಅವತ್ತೇ ಸಾಣೆಕಲ್ಲನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದಳು.

ಆಣೆ ಮಾಡುವುದೇನೋ ಆಯಿತು, ಚಾಕುಗಳನ್ನು ಸಾಗಹಾಕುವುದು ಹೇಗೆ? ಎರಡು ಬೀದಿ ಆಚೆ ಇದ್ದ ಸ್ನೇಹಿತ ಕಿಟ್ಟಣ್ಣ, ರಿಟೈರಾದ ಎಂಜಿನ್ ಡ್ರೈವರ್, ಎರಡೇ ಮಾತಿನಲ್ಲಿ ಹೇಳಿದ: "ಗುಜರಿಗೆ ಹಾಕಯ್ಯ." ನಂಜುಂಡ ನಾಲ್ಕು ದಿನ ಅವನ ಜೊತೆ ಮಾತು ಬಿಟ್ಟ. ಮೌನ ಬ್ರೌಸಿಂಗ್ ಸೆಂಟರಿಗೆ ಹೋಗಿ, "ನೆಟ್ಟಲ್ಲಿ ಹಾಕಿದ್ರೆ ಸೂಪರಾ ಪೋಗುಂ ಪಾ, ತಟ್ಟನೆ ಮಾರಿಹೋಗುತ್ತೆ!" ಎಂದು ಎಲ್ಲೆಲ್ಲಿಗೋ ಈಮೇಲ್ ಕಳಿಸಿದಳು. ವಾರದೊಳಗೆ ನುಂಗಂಬಾಕ್ಕಂನಿಂದ ಫೋನು ಬಂತು. ಸತ್ಯನಾರಾಯಣ ಎಂದು, ನಮ್ಮ ಕನ್ನಡದವರೇ, ಏನೋ ಎಕ್ಸ್‌ಪೋರ್ಟ್ ವ್ಯವಹಾರ. ಅವರೂ ಚಾಕು ಕೂಡಿಸುವವರು. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ತಯಾರು, ಬಂದರೆ ಮಾತಾಡೋಣ ಎಂದರು.

ಗಂಡ ಹೆಂಡತಿ ಹತ್ತು ಚಾಕುಗಳನ್ನು ಚೀಲದಲ್ಲಿಟ್ಟುಕೊಂಡು ಹೋದರು. ದೊಡ್ಡ ಫ್ಲಾಟು, ಎಸಿ, ಗೋಡೆಯುದ್ದಕ್ಕೂ ಗಾಜಿನ ಬೀರು. ಒಳಗೆ ನೀಲಿ ಮಖಮಲ್ಲಿನ ಮೇಲೆ ಚಾಕುಗಳು, ಒಂದೊಂದರ ಮೇಲೂ ಪುಟ್ಟ ಬಲ್ಬು. ಸತ್ಯನಾರಾಯಣ ಮಾತಿನಲ್ಲಿ ಒಳ್ಳೆಯವರು. ಕಾಫಿ ತರಿಸಿ, ರಟ್ಟಿನ ಚೀಟಿಗಳನ್ನೆಲ್ಲ ಓದಿ ತಲೆದೂಗಿದರು.

"ನೋಡಿ ನಂಜುಂಡಯ್ಯನೋರೆ, ಶುರುವಿನಲ್ಲಿ ಕಂಡದ್ದೆಲ್ಲಾ ಬೇಕು ಅನ್ಸುತ್ತೆ. ಆಮೇಲೆ ನೂರಿದ್ರೂ ಎರಡನ್ನೇ ನೋಡ್ತಾ ಕೂರ್ತೀವಿ. ಮಿಕ್ಕಿದ್ದು ಮಾರಿ ಇನ್ನೊಂದು ಒಳ್ಳೇದು ತಗೋತೀವಿ. ನಾನೇ ಹೋದ ವರ್ಷ ಅರ್ಧ ಮಾರಿದೆ. ಕೆಲವರು ಮನೆ ಬದಲಾಯಿಸುವಾಗ ಮಾರ್ತಾರೆ, ಕೆಲವರಿಗೆ ಇದ್ದಕ್ಕಿದ್ದ ಹಾಗೆ ಹುಚ್ಚು ಬಿಟ್ಟು ಹೋಗುತ್ತೆ, ಕೆಲವರು ಮನೆಯವರ ಕಾಟಕ್ಕೆ" ಎಂದು ವಾಸಂತಿಯ ಕಡೆ ನೋಡಿ ನಕ್ಕರು. "ನೀವ್ಯಾಕೆ ಕೊಡ್ತಿದೀರಿ?"

ನಂಜುಂಡ ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ಮೆಲ್ಲಗೆ ಚೀಲದ ಕೆಳಗೆ ಸರಿಸಿದ. ನಲವತ್ತೊಂದು ಜನರಿಗೆ ತಾನೇ ಕೇಳಿದ್ದ ಪ್ರಶ್ನೆ, ಅದು ಇಷ್ಟು ಚುಚ್ಚುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ಹೀಗೇ" ಎಂದ. ಆಮೇಲೆ, "ಇವನ್ನ ಉಪಯೋಗಿಸ್ತೀರಾ ಸಾರ್?" ಎಂದು ಕೇಳಿದ.

"ಛೆ ಛೆ! ಕೈ ಬೆವರು ತಾಗಿದ್ರೆ ಕಲೆ ಬೀಳುತ್ತೆ. ನಾನೇ ಗ್ಲೌಸ್ ಹಾಕ್ಕೊಂಡು ಮುಟ್ಟೋದು."

ನಂಜುಂಡ ಚೀಲ ಎತ್ತಿಕೊಂಡು ಎದ್ದ. ಕಾಫಿ ಅರ್ಧ ಹಾಗೇ ಇತ್ತು. ಬಸ್ಸಿನಲ್ಲಿ ಕೂತ ಮೇಲೆ ಅವನ ಸಿಟ್ಟು ಹೊರಗೆ ಬಂತು. "ಜೈಲಲ್ಲಿ ಇಟ್ಟ ಹಾಗೆ ಇಟ್ಟಿದಾರೆ ಕಣೆ. ಆ ಚಾಕುಗಳು ಜನ್ಮದಲ್ಲಿ ಒಂದು ನಿಂಬೆಹಣ್ಣಾದ್ರೂ ಕಾಣ್ತಾವಾ?"

ವಾಸಂತಿಗೆ ತಡೆಯಲಾಗಲಿಲ್ಲ. "ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೇಲಿರೋ ನೊಣ ಓಡಿಸೋಕೆ ಹೋದ್ರಂತೆ! ನಿಮ್ಮ ಟ್ರಂಕಲ್ಲಿರೋವು ಯಾವ ನಿಂಬೆಹಣ್ಣು ಕಂಡಿದಾವೆ? ಅವರು ಬಲ್ಬಾದ್ರೂ ಹಾಕಿದಾರೆ. ಇಪ್ಪತ್ತೇಳು ವರ್ಷದಿಂದ ಪ್ಲಾಸ್ಟಿಕ್ ಹಿಡಿ ಚಾಕಲ್ಲಿ ಗುದ್ದಾಡ್ತಿದೀನಲ್ಲಾ, ಒಂದು ದಿನ ಕೇಳಿದೀರಾ?"

ಅವನು ಪೆರಂಬೂರು ಬರುವ ತನಕ ಚೀಲದೊಳಗಿನ ಚೀಟಿಗಳನ್ನು ಒಂದೊಂದಾಗಿ ಓದಿದ. ಆಮೇಲೆ, "ನೀನು ಹೇಳಿದ್ದು ಸರಿ. ಕೆಲಸ ಮಾಡಿದ ಕೈಗಳಿಂದ ತಂದು ಮಲಗಿಸಿಬಿಟ್ಟೆ" ಎಂದ. ಅವನ ಬಾಯಿಂದ ಇಂಥ ಮಾತು ಕೇಳಿ ಅವಳಿಗೇ ಪಿಚ್ಚೆನಿಸಿತು. "ಹೋಗ್ಲಿ ಬಿಡ್ರೀ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ಮಾಧವರಂನಲ್ಲಿ ಕತ್ತಿಗಳ ಮದುವೆ. ದಿನಾ ಅದರಲ್ಲೇ ದುಡಿಯುವ ಕೈಗೆ ಮಾತ್ರ ಕೊಡುವುದು, ಕಾಸು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ ನಂಜುಂಡ ವರ ಹುಡುಕುವ ಹೆಣ್ಣಿನ ತಂದೆಯ ಹಾಗೆ ಬೀದಿ ಬೀದಿ ಅಲೆದ. ಮನೆತನ ವಿಚಾರಿಸಿದ. ಕಿಟ್ಟಣ್ಣ ಹಿತ್ತಲಲ್ಲಿ ನಾಲ್ಕು ತೆಂಗಿನ ಮರ ಇಟ್ಟುಕೊಂಡಿದ್ದ, ಕುಕ್ರಿ ಅವನಿಗೆ. ಆದರೆ ಕಣ್ಣೆದುರಿಗೆ ಮೂರು ಕಾಯಿ ಕೆತ್ತಿ ತೋರಿಸಿದ ಮೇಲೆ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರೆ. ಇಲ್ಲಿ ಕೊಡೋನೇ ಈರಭದ್ರನಾಗಿ ಕುಣೀತಿದಾನಲ್ಲಪ್ಪ!" ಎಂದು ಕಿಟ್ಟಣ್ಣ ಬೆವರು ಒರೆಸಿಕೊಂಡ. ಬಾಗುಕತ್ತಿ ದೊಡ್ಡ ಸರ್ಕಲ್ಲಿನ ಹತ್ತಿರ ಎಳನೀರು ಮಾರುವವನ ಪಾಲಾಯಿತು. ಕ್ಷೌರಿಕನ ಕತ್ತಿ ಹಿಡಿದುಕೊಂಡು ಮೂಲಕಡೈನ ಸಲೂನಿಗೆ ಹೋದರೆ, ಈಗೆಲ್ಲ ಒಬ್ಬೊಬ್ಬರಿಗೂ ಹೊಸ ಬ್ಲೇಡು ಸಾರ್ ಎಂದು ಹುಡುಗ ಕೈಮುಗಿದ. ಮೂಲೆಯಲ್ಲಿ ಕೂತಿದ್ದ ಅವನ ಮುದಿ ಅಪ್ಪ ಮಾತ್ರ ಎದ್ದು ಬಂದು, ಕತ್ತಿಯನ್ನು ಕಣ್ಣಿಗೊತ್ತಿಕೊಂಡು, ತನ್ನ ಗಡ್ಡಕ್ಕೆ ಇರಲಿ ಎಂದು ಇಟ್ಟುಕೊಂಡ.

ಕರಿಯಮ್ಮನದು ದೊಡ್ಡ ಕತೆ. ಹೊಸೂರು ಕಡೆಯಿಂದ ಎಂದೋ ಬಂದು ಡೈರಿಯ ಮೂಲೆಯಲ್ಲಿ ಬಾಳೆಎಲೆ ಮಾರುತ್ತಿದ್ದ ಗಟ್ಟಿಗಿತ್ತಿ, ಅರ್ಧ ಕನ್ನಡ, ಅರ್ಧ ತಮಿಳು. ನಂಜುಂಡ ಮೂರು ಬೆಳಗ್ಗೆ ಹೋಗಿ ಅವಳೆದುರು ಕುಕ್ಕರುಗಾಲಲ್ಲಿ ಕೂತು ಅವಳು ಎಲೆ ಕೊಯ್ಯುವುದನ್ನೇ ನೋಡಿದ. ನಾಲ್ಕನೇ ದಿನ ಕರಿಯಮ್ಮ ಸೊಂಟಕ್ಕೆ ಕೈಯಿಟ್ಟಳು.

"ಏನ್ ಸಾಮಿ, ದಿನಾ ಬಂದು ಕುಂತ್ಕೋತೀರಿ, ಕಾಸು ಕೊಟ್ಟು ಒಂದು ಎಲೆ ವಾಂಗಲ್ಲ? ಮನೇಲಿ ಅಮ್ಮಾವ್ರಿಗೆ ಸೊಲ್ಲಟ್ಟುಮಾ, ಹೇಳ್ಲಾ?"

ವಾಸಂತಿ ಹಿಂದೆಯೇ ನಿಂತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಂಜುಂಡ ಕೆಂಪಗಾಗಿ, ಜೋಲಾರ್‌ಪೇಟೆಯ ತೆಳು ಅಲಗಿನ ಚಾಕುವನ್ನು ಚೀಲದಿಂದ ತೆಗೆದ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಅಲ್ಲವೇ, ಅದಕ್ಕೆ ಎಲೆಯ ಮೇಲೆ ಇಟ್ಟು ಸರಿದು ಕೂತ. ಕರಿಯಮ್ಮ ಎತ್ತಿಕೊಂಡು ಒಂದು ಕುಡಿಎಲೆಯ ಮೇಲೆ ಸರ್ರನೆ ಎಳೆದಳು. "ಅಪ್ಪಾಡೀ! ಬೆಣ್ಣೇಲಿ ಪೋದ ಹಾಗೆ ಪೋಗುದು!" ನಂಜುಂಡನ ಮುಖ ಅರಳಿತು. ಅವತ್ತು ಮನೆಗೆ ಬರುತ್ತಾ ದಾರಿಯುದ್ದಕ್ಕೂ ಆ ಸದ್ದಿನದೇ ಮಾತು.

ಕೊನೆಗೆ ಒಂದು ಉಳಿಯಿತು. "ಇದು ನಿನಗೆ ಇರಲಿ ಕಣೆ, ತರಕಾರಿಗೆ" ಎಂದ. ವಾಸಂತಿಗೆ ಆಸೆಯೇನೋ ಆಯಿತು. ಆದರೆ ಮನೆಯಲ್ಲಿ ಒಂದು ಇದ್ದರೂ ಅವನ ಹೆಬ್ಬೆರಳು ಅಲ್ಲಿಗೇ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. "ಬೇಡ, ಯಾರಿಗಾದ್ರೂ ಕೊಡಿ" ಎಂದಳು. ಅದೂ ಒಬ್ಬ ಅಡುಗೆಭಟ್ಟರ ಮನೆಗೆ ಹೋಯಿತು. ಸಂಕ್ರಾಂತಿಯ ಹಿಂದಿನ ದಿನ ಅವಳು ಖಾಲಿ ಟ್ರಂಕಿನೊಳಗೆ ಕಂಬಳಿಗಳನ್ನು ಮಡಿಸಿಟ್ಟು, ಸದ್ಯ ಪೀಡೆ ತೊಲಗಿತು ಎಂದು ಬಾಯಿಬಿಟ್ಟು ಹೇಳಿದಳು.

ಪೀಡೆ ತೊಲಗಿತೇನೋ ನಿಜ. ಜೊತೆಗೆ ನಂಜುಂಡನೂ ಎಲ್ಲಿಗೋ ಹೋಗಿಬಿಟ್ಟ.

ಹುಡುಕಾಟ ಇರುವ ತನಕ ಓಡಾಡಿಕೊಂಡಿದ್ದವನು ಈಗ ಜಗಲಿಯ ಕುರ್ಚಿಯಲ್ಲಿ ಕೂತರೆ ಏಳಲೊಲ್ಲ. ಹಾಲಿನ ವ್ಯಾನು ಹೋಯಿತು, ಹಾಲಿನ ವ್ಯಾನು ಬಂತು, ಅಷ್ಟೇ ಅವನ ದಿನ. ತಟ್ಟೆಗೆ ಹಾಕಿದ್ದು ತಿಂದ; ಉಪ್ಪು ಮರೆತ ಸಾರನ್ನೂ ಚಕಾರ ಎತ್ತದೆ ಉಂಡ. ಕಿಟ್ಟಣ್ಣ ಬಂದು ಹಳೇ ಜೋಕುಗಳನ್ನೆಲ್ಲ ಹೇಳಿ ಸೋತು ಎದ್ದು ಹೋದ. ಕಾಲು ತೊಳೆದು ಪಾದ ನೋಡಿಕೊಳ್ಳಿ ಎಂದರೆ, "ನೋಡಿ ಏನಾಗಬೇಕು" ಎನ್ನುವನು. ಮಾತ್ರೆ ದಿಂಬಿನ ಕೆಳಗೆ ಸಿಕ್ಕವು. ಸಕ್ಕರೆ ಏರಿತು. "ಮುನ್ನೂರಾಯ್ತು ಮಾ, ಅಪ್ಪಾವ್ಕು ಎನ್ನಾಚ್ಚು, ಏನಾಗಿದೆ ಅವರಿಗೆ?" ಎಂದು ಮೌನ ರಿಪೋರ್ಟು ಹಿಡಿದು ಅತ್ತಳು.

ವಾಸಂತಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ಬೆರಳು ಉಳಿಸಿಕೊಳ್ಳಲು ಹೋಗಿ ಗಂಡನನ್ನೇ ಕಳೆದುಕೊಂಡೆನಲ್ಲ ಎಂದು ಅವಳಿಗೆ ದಿಗಿಲು. ಮಂಚದ ಕೆಳಗೆ ಗುಡಿಸುವಾಗ ಟ್ರಂಕು ಹಗುರಾಗಿ ಸರಿದರೆ ಪೊರಕೆ ಕೆಳಗಿಟ್ಟು ಅಲ್ಲೇ ಕೂತುಬಿಡುತ್ತಿದ್ದಳು. ಯಾರ ಮುಂದೆ ಹೇಳಿಕೊಳ್ಳುವುದು? ಸವತಿಯರು ಹೋದರೆಂದು ಅಳುವ ಹೆಂಡತಿಯನ್ನು ಲೋಕದಲ್ಲಿ ಯಾರಾದರೂ ಕಂಡಿದ್ದಾರೆಯೇ? ಆದರೂ ಅವಳು ಅವುಗಳಿಗಾಗಿ ಅತ್ತಳು, ಅವುಗಳ ಎಣ್ಣೆಯ ವಾಸನೆಗಾಗಿ, ಒಂದೊಂದನ್ನೂ ಎತ್ತಿ "ನೋಡೇ ಇಲ್ಲಿ" ಎನ್ನುತ್ತಿದ್ದ ಆ ಹುಚ್ಚು ದನಿಗಾಗಿ.

ಸಂಕ್ರಾಂತಿ ಕಳೆದು ಎರಡು ತಿಂಗಳಾಗುತ್ತಾ ಬಂದಿತ್ತು; ತಮಿಳರ ಮಾಸಿ ತಿಂಗಳ ಒಂದು ಬೆಳಗ್ಗೆ, ಹತ್ತು ಗಂಟೆಯ ಸುಮಾರಿಗೆ, ಗೇಟಿನ ಹತ್ತಿರ ಗಂಟಲು ಕೇಳಿಸಿತು. ಕರಿಯಮ್ಮ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಚಾಕು. ಅದನ್ನು ಜಗಲಿಯ ಮೇಲೆ ನಂಜುಂಡನ ಮುಂದೆ ಇಟ್ಟು ಗೊಣಗಿದಳು.

"ಮೊಕ್ಕೆ ಆಗೋಯ್ತು ಸಾಮಿ. ಎಲೆ ಹರಿಯುತ್ತೆ, ಕೊಯ್ಯಲ್ಲ. ಸಾಣೆ ಚಕ್ರದವನ್ಗೆ ಕೊಟ್ಟೆ, ಆ ಪಾವಿ ಇನ್ನೂ ಕೆಡಿಸಿಟ್ಟ. ನೀವು ತಾನೆ ಕೊಟ್ಟಿದ್ದು, ನೀವೇ ಸರಿ ಮಾಡಿ. ನಾಳೆ ಮುಹೂರ್ತ, ನೂರೈವತ್ತು ಎಲೆ ಕೊಡ್ಬೇಕು."

ನಂಜುಂಡ ಚಾಕುವನ್ನು ನೋಡಿದ. ಅಲಗಿನ ತುಂಬ ಗೀರು, ತುದಿ ಸೊಟ್ಟ. ಅವನ ಕೈ ಮುಂದೆ ಹೋಯಿತು, ಅರ್ಧದಲ್ಲೇ ನಿಂತಿತು. ಅವನು ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ವಾಸಂತಿಯ ಮುಖ ನೋಡಿದ. ಎರಡು ತಿಂಗಳಿಂದ ಅವನು ಅವಳ ಮುಖವನ್ನು ಹಾಗೆ ನೋಡಿರಲಿಲ್ಲ. ಕೇಳಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ, ಕಣ್ಣೊಳಗೆ ಮಾತ್ರ ಹಳೇ ನಂಜುಂಡ ಬಂದು ಕೂತಿದ್ದ.

ಆಣೆ ವಾಸಂತಿಯ ತಲೆಯ ಮೇಲಿನದು. ಅವನ ಕೈಗೆ ಚಾಕು ಸಿಗಕೂಡದು. ವಾಪಸು ಕಳಿಸಿದರೆ ಈ ಕಣ್ಣು ಮತ್ತೆ ಆರಿಹೋಗುತ್ತದೆ. ವಾಸಂತಿ ಒಳಗೆ ಹೋಗಿ, ಸ್ಟೂಲು ಎಳೆದು, ಅಟ್ಟದಿಂದ ಸೀರೆಯ ಗಂಟು ಇಳಿಸಿಕೊಂಡು ಬಂದಳು. ಒಂದು ಚೊಂಬು ನೀರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಲ್ಲನ್ನು ಮುಂದಿಟ್ಟುಕೊಂಡಳು.

"ನೀವು ಕೈ ಕಟ್ಕೊಂಡು ಆ ಕುರ್ಚೀಲೇ ಕೂತಿರಿ. ನಾನು ಉಜ್ಜುತೀನಿ. ಹೇಗೆ ಅಂತ ಹೇಳಿ."

"ನೀನಾ?"

"ಯಾಕೆ, ಇಷ್ಟು ವರ್ಷ ಚಟ್ನಿ ಅರೆದಿಲ್ವಾ ನಾನು ಕಲ್ಲಲ್ಲಿ?"

"ಅಯ್ಯೋ, ಇದು ಚಟ್ನಿ ಅಲ್ವೇ ಮಾರಾಯ್ತಿ!" ಎಂದ ನಂಜುಂಡ. ಎರಡು ತಿಂಗಳಲ್ಲಿ ಅವನು ದನಿ ಏರಿಸಿದ್ದು ಅದೇ ಮೊದಲು. "ಕಲ್ಲಿಗೆ ಮೊದಲು ನೀರು ಕುಡಿಸು. ಹಾಂ. ಅಲಗನ್ನ ಮಲಗಿಸಬೇಡ, ನಿಲ್ಲಿಸಲೂಬೇಡ. ಒಂದು ರೂಪಾಯಿ ಕೆಳಗೆ ತೂರಬೇಕು, ಅಷ್ಟೇ ಸಂದು. ಈಗ ತಳ್ಳು. ನಿನ್ನ ಕಡೆಗೆ ಎಳೀಬೇಡ್ವೇ, ತಳ್ಳು!"

ಅವಳು ತಳ್ಳಿದಳು. ಕರ್ರೋ ಎಂದಿತು. ಅವನು ಕಣ್ಣು ಮುಚ್ಚಿ ಕಿವಿ ಕೊಟ್ಟ. "ಅರಚುತ್ತಿದೆ. ಒತ್ತಬೇಡ, ಅದರ ಭಾರಕ್ಕೆ ಅದೇ ಹೋಗಲಿ." ಮತ್ತೆ ತಳ್ಳಿದಳು. "ಹಿಡಿ ಕಡೆ ಎತ್ತಿದೆ ನೀನು." ಕಣ್ಣು ಮುಚ್ಚಿದವನಿಗೆ ಅದು ಹೇಗೆ ಗೊತ್ತಾಯಿತೋ! ನೆತ್ತಿಗೆ ಬಿಸಿಲೇರಿತು. ಕರಿಯಮ್ಮ ಗೇಟಿಗೆ ಒರಗಿ ಎಲೆಅಡಿಕೆ ಹಾಕಿಕೊಂಡು, "ಆಗ್ಲಿ, ಆಗ್ಲಿ, ವ್ಯಾಪಾರ ಪೋನಾ ಪೋಟ್ಟುಂ, ಹೋದ್ರೆ ಹೋಗ್ಲಿ" ಎನ್ನುತ್ತಾ ನೋಡುತ್ತಿದ್ದಳು. ವಾಸಂತಿಯ ಭುಜ ಸೇದಿತು, ಬೆನ್ನು ಸೇದಿತು. ಅವನು ಬೈದ, ಅವಳೂ ಬೈದಳು. ಮೆಲ್ಲಮೆಲ್ಲಗೆ ಕರ್ರೋ ಎನ್ನುವುದು ಹೋಗಿ ಸುಯ್ ಸುಯ್ ಎಂಬ ಸಣ್ಣ ಸದ್ದು ಬಂತು. ನಂಜುಂಡ ಕೈಯೆತ್ತಿದ.

"ಸಾಕು. ಬಂತು ಅನ್ಸುತ್ತೆ." ಅವನ ದನಿ ಇಳಿಯಿತು. "ಈಗ ಹೆಬ್ಬೆರಳು ಇಟ್ಟು ನೋಡ್ಬೇಕು. ಉದ್ದಕ್ಕಲ್ಲ, ಅಡ್ಡಡ್ಡಕ್ಕೆ. ಹೂವು ಮುಟ್ಟಿದ ಹಾಗೆ ಸವರು. ಹುಷಾರು ಕಣೆ."

ಅವಳು ಉಸಿರು ಹಿಡಿದು ಸವರಿದಳು.

"ಏನನ್ನಿಸ್ತು?"

"ತಣ್ಣಗಿದೆ."

"ಅದಲ್ವೇ. ಆಮೇಲೆ?"

ವಾಸಂತಿ ಇನ್ನೊಂದು ಸಲ ಸವರಿದಳು. ಹೇಗೆ ಹೇಳುವುದೆಂದು ತಿಳಿಯದೆ ಹುಡುಕಾಡಿದಳು. "ಬೆರಳನ್ನ ಮೆಲ್ಲಗೆ ಹಿಡ್ಕೊಳ್ಳುತ್ತೆ ಕಣ್ರೀ, ಬಿಡುತ್ತೆ. ತರಿತರಿ. ಕರು ಬಂದು ಕೈ ನೆಕ್ಕಿದ ಹಾಗೆ."

ನಂಜುಂಡ ಕಣ್ಣು ತೆರೆಯಲಿಲ್ಲ. ಮಡಿಲಲ್ಲಿದ್ದ ಅವನ ಹೆಬ್ಬೆರಳು, ಆ ಹೊಲಿಗೆಯ ಗುರುತಿನ ಹೆಬ್ಬೆರಳು, ಗಾಳಿಯಲ್ಲೇ ಒಂದು ಸಲ ಅಡ್ಡಕ್ಕೆ ಸರಿಯಿತು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿದು ಗಡ್ಡದೊಳಗೆ ಹೋಯಿತು.

"ಕರು ನೆಕ್ಕಿದ ಹಾಗೆ. ಹೌದು ಕಣೆ. ಹಂಗೇ ಇರ್ತಿತ್ತು. ಮರೆತೇಹೋಗಿತ್ತು ನಂಗೆ" ಎಂದ. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, "ಇನ್ನೊಂದ್ಸಲ ನೋಡಿ ಹೇಳೇ" ಎಂದ.

ವಾಸಂತಿ ಸೆರಗಿನಿಂದ ಮೂಗು ಒರೆಸಿಕೊಂಡು, ಹೆಬ್ಬೆರಳನ್ನು ಮತ್ತೆ ಅಲಗಿನ ಮೇಲಿಟ್ಟು, ಮೊದಲಿನಿಂದ ಹೇಳತೊಡಗಿದಳು.